ಇಪ್ಪತ್ನಾಲ್ಕು ಗಂಟೆಯೊಳಗೆ ಬಾಯಿ ಬಿಡಿಸಬೇಕಾದ ಇನ್‌ಸ್ಪೆಕ್ಟರ್

ಬ್ರಿಟನ್ನಿನ ಒರಟು ಕ್ರೈಮ್ ಥ್ರಿಲ್ಲರುಗಳ ನಾಯಕನ ಚಹರೆ ಎಲ್ಲರಿಗೂ ಗೊತ್ತು. ವಯಸ್ಸು ಐವತ್ತರ ಆಸುಪಾಸು, ಸಂಸಾರ ಮುರಿದುಬಿದ್ದಿದೆ, ಸಂಜೆಯಾದರೆ ಪಬ್, ಮೇಲಧಿಕಾರಿಯನ್ನು ಕಂಡರೆ ಆಗದು, ಕಾಗದಪತ್ರ ಕಂಡರೆ ಮೈ ಉರಿ. ಇಂಥವನನ್ನು ನಾವು ‘ಖಡಕ್ ಆಫೀಸರ್’ ಎಂಬ ಖಾನೆಗೆ ಹಾಕಿ, ನಮ್ಮ ಸಿನಿಮಾಗಳ ಖಾಕಿ ನಾಯಕರ ಸಾಲಿನಲ್ಲಿ ನಿಲ್ಲಿಸಿಬಿಡುತ್ತೇವೆ. ಎಡವಟ್ಟಾಗುವುದೇ ಅಲ್ಲಿ. ನಮ್ಮ ಖಾಕಿ ನಾಯಕನ ಕೋಪ ಹರಿಯುವುದು ಬೀದಿಯಲ್ಲಿ, ಗೋಡೌನಿನಲ್ಲಿ, ಕೊನೆಯ ರೀಲಿನ ಹೊಡೆದಾಟದಲ್ಲಿ. ಬ್ರಿಟಿಷ್ ಕಥೆ ಬಿಸಿಯೇರುವುದು ಠಾಣೆಯೊಳಗಿನ ಒಂದು ಸಣ್ಣ ಕೋಣೆಯಲ್ಲಿ. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒಂದು ಟೇಪ್ ರೆಕಾರ್ಡರ್. ಅಲ್ಲಿ ಆಡುವ ಮಾತಿಗೆ ಅಷ್ಟೊಂದು ತೂಕ ಯಾಕೆ ಎನ್ನುವುದನ್ನು ಹಿಡಿಯದೆ ಈ ಕಥೆಗಳನ್ನು ಓದಿದರೆ ಅರ್ಧ ರುಚಿ ತಪ್ಪುತ್ತದೆ.

ಭಾರತದಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹಾಗೆಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಆರೋಪಿ ಬಾಯಿಬಿಟ್ಟಿದ್ದರಿಂದ ಚೂರಿಯೋ ಒಡವೆಯೋ ಸಿಕ್ಕರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಮಾತಿಗೆ ಮಾತ್ರ ಬೆಲೆ. ನಮ್ಮಲ್ಲಿ ಪಂಚರು, ಮಹಜರು, ಆರೋಪಿಯನ್ನು ಕರೆದೊಯ್ದು ಸ್ಥಳ ತೋರಿಸುವುದು ಇಷ್ಟೆಲ್ಲ ನಡೆಯುವುದು ಅದಕ್ಕೇ. ಇಂಗ್ಲೆಂಡಿನಲ್ಲಿ ಈ ತಡೆ ಇಲ್ಲ. ಠಾಣೆಯ ಕೋಣೆಯಲ್ಲಿ ಇನ್‌ಸ್ಪೆಕ್ಟರಿನ ಮುಂದೆ ‘ಹೌದು, ನಾನೇ ಕೊಂದೆ’ ಎಂದರೆ ಆ ಮಾತು ನೇರವಾಗಿ ಜ್ಯೂರಿಯ ಮುಂದೆ ಹೋಗುತ್ತದೆ. ತಮಾಷೆಯೆಂದರೆ ನಮ್ಮ 1872ರ ಕಾಯ್ದೆಯ ಕರಡು ಬರೆದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಇಂಗ್ಲೆಂಡಿನವರೇ. ಇಲ್ಲಿನ ಪೇದೆಯನ್ನು ನಂಬದ ಆಳುವವರು ತಮ್ಮೂರಿನ ಪೇದೆಯನ್ನು ನಂಬಿದ್ದರು. ಆ ನಂಬಿಕೆಗೆ ಇಂಗ್ಲೆಂಡು ಬೆಲೆ ತೆತ್ತದ್ದು ಸರಿಯಾಗಿ ನೂರು ವರ್ಷದ ಮೇಲೆ.

ಇನ್ನೊಂದು ವ್ಯತ್ಯಾಸವೂ ಕಥೆಯ ಓಟವನ್ನು ನಿರ್ಧರಿಸುತ್ತದೆ. ನಮ್ಮಲ್ಲಿ ಬಂಧಿಸಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಪೊಲೀಸ್ ಕಸ್ಟಡಿ ಕೇಳಿ, ಆಮೇಲೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಿದರೆ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಕ್ರಮ ಬೇರೆ. ಆರೋಪ ಹೊರಿಸಿದ ಮೇಲೆ, ಕೆಲವು ಅಪವಾದಗಳನ್ನು ಬಿಟ್ಟರೆ, ಪೊಲೀಸರು ಆ ಅಪರಾಧದ ಬಗ್ಗೆ ಅವನನ್ನು ಪ್ರಶ್ನಿಸುವ ಹಾಗೇ ಇಲ್ಲ. ಕೇಳಬೇಕಾದ್ದನ್ನೆಲ್ಲ ಮೊದಲೇ, ಸಾಮಾನ್ಯವಾಗಿ ಇಪ್ಪತ್ನಾಲ್ಕು ಗಂಟೆಯೊಳಗೆ, ಕೇಳಿ ಮುಗಿಸಬೇಕು. ತಿಂಗಳುಗಟ್ಟಲೆ ಹರಡಿಕೊಳ್ಳಬಹುದಾದ ತನಿಖೆ ಹೀಗೆ ಒಂದು ಹಗಲು ರಾತ್ರಿಯ ಕಿರಿದಾದ ಹಾದಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಥ್ರಿಲ್ಲರ್ ಬರೆಯುವವರಿಗೆ ಕಾನೂನೇ ತಯಾರಿಸಿ ಕೊಟ್ಟ ಉಡುಗೊರೆ ಇದು.

ಈ ಗಡುವು ಗಟ್ಟಿಯಾಗಿ ಜಾರಿಗೆ ಬಂದದ್ದು 1986ರ ಜನವರಿಯಲ್ಲಿ. ಒರಟು ಪತ್ತೇದಾರನನ್ನು ‘ಹಳೇ ಕಾಲದವನು’ ಎಂದು ಕರೆಯುವಾಗ, ಲೇಖಕರು ಹೇಳಲಿ ಬಿಡಲಿ, ಅದರ ಹಿಂದಿರುವುದು ಈ ತಾರೀಖು.

ಅದಕ್ಕೂ ಮುಂಚೆ ಇದ್ದದ್ದು ‘ನ್ಯಾಯಾಧೀಶರ ನಿಯಮಗಳು’. 1912ರಲ್ಲಿ ಮೊದಲು ರೂಪುಗೊಂಡು 1964ರಲ್ಲಿ ತಿದ್ದುಪಡಿಯಾದ ಈ ನಿಯಮಗಳು ಕಾನೂನಾಗಿರಲಿಲ್ಲ, ಬರೀ ಮಾರ್ಗಸೂಚಿ. ಮುರಿದರೆ ನ್ಯಾಯಾಧೀಶರಿಗೆ ಇಷ್ಟಬಂದಲ್ಲಿ ಸಾಕ್ಷ್ಯವನ್ನು ತಳ್ಳಿಹಾಕಬಹುದಿತ್ತು, ಇಷ್ಟಬರುವುದು ಅಪರೂಪ. ವಕೀಲರನ್ನು ಕೇಳುವ ಹಕ್ಕು ಕಾಗದದ ಮೇಲಿತ್ತು, ತನಿಖೆಗೆ ತೊಂದರೆಯಾಗುತ್ತದೆ ಎಂದರೆ ಅದಕ್ಕೂ ಕತ್ತರಿ. ಇನ್ನು ‘ವಿಚಾರಣೆಗೆ ಸಹಕರಿಸುತ್ತಿದ್ದಾರೆ’ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಸುದ್ದಿಯ ಅರ್ಥ, ಬಂಧಿಸದೆ ಠಾಣೆಯಲ್ಲಿ ಕೂರಿಸಿಕೊಂಡಿದ್ದಾರೆ ಎಂದು. ಬಂಧನವಿಲ್ಲ ಅಂದಮೇಲೆ ಗಂಟೆಯ ಲೆಕ್ಕ ಇಡುವವರಾರು?

ಹಳೇ ಪತ್ತೇದಾರನ ನಿಜವಾದ ಆಯುಧ ಮುಷ್ಟಿಗಿಂತ ಹೆಚ್ಚಾಗಿ ಪಾಕೆಟ್ ನೋಟ್‌ಬುಕ್. ವಿಚಾರಣೆ ಮುಗಿದ ಮೇಲೆ ಇಬ್ಬರು ಅಧಿಕಾರಿಗಳು ಕ್ಯಾಂಟೀನಿನಲ್ಲಿ ಕೂತು, ನೆನಪಿದ್ದದ್ದನ್ನು ಒಟ್ಟಿಗೇ ಮಾತಾಡಿಕೊಂಡು ಬರೆಯಬಹುದಿತ್ತು. ಇಬ್ಬರ ಬರಹವೂ ಅಕ್ಷರಶಃ ಒಂದೇ ಇದ್ದರೂ ಕೋರ್ಟು ಹುಬ್ಬೇರಿಸುತ್ತಿರಲಿಲ್ಲ. ‘ಸರಿ ಸಾರ್, ಸಿಕ್ಕಿಬಿದ್ದೆ, ಯಾರು ಹೇಳಿದ್ರು ನಿಮಗೆ?’ ಎಂಬಂಥ ಒಂದು ಸಾಲನ್ನು ಆರೋಪಿಯ ಬಾಯಲ್ಲಿ ಹಾಕಿದರೆ ಸಾಕು. ಸಹಿ ಬೇಡ, ಸಾಕ್ಷಿ ಬೇಡ. ಪೊಲೀಸರ ಆಡುಮಾತಿನಲ್ಲಿ ಇದಕ್ಕೆ ‘ವರ್ಬಲ್’ ಎಂದು ಹೆಸರು. ಈ ಕಾಲದ ಕಥೆಗಳಲ್ಲಿ ಹೊಡೆತದ ದೃಶ್ಯವನ್ನೇ ದೊಡ್ಡದು ಮಾಡುವವರಿಗಿಂತ, ಕ್ಯಾಂಟೀನಿನ ಈ ಬರವಣಿಗೆಯನ್ನು ತೋರಿಸುವವರು ನನಗೆ ಹೆಚ್ಚು ಬಲ್ಲವರಾಗಿ ಕಾಣುತ್ತಾರೆ. ಏಟಿನ ಗುರುತನ್ನು ಡಾಕ್ಟರು ಕಾಣಬಹುದು. ನೋಟ್‌ಬುಕ್ಕಿನಲ್ಲಿ ಬರೆದ ಸುಳ್ಳು ಮೈಮೇಲೆ ಕಾಣುವುದಿಲ್ಲ.

ಕಾಣುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು, ‘ಎಸ್ಡಾ’ ಯಂತ್ರ ಬರುವ ತನಕ. ಹಾಳೆಯ ಮೇಲೆ ಪೆನ್ನು ಒತ್ತಿ ಬರೆದಾಗ ಅಡಿಯ ಹಾಳೆಗಳಲ್ಲಿ ಕಣ್ಣಿಗೆ ಕಾಣದ ತಗ್ಗು ಉಳಿಯುತ್ತದೆ. ಆ ಅಡಿಯ ಹಾಳೆಯನ್ನು ಯಂತ್ರದ ಮೇಲಿಟ್ಟು, ತೆಳು ಪ್ಲಾಸ್ಟಿಕ್ ಪೊರೆ ಹೊದಿಸಿ, ಸ್ಥಿರವಿದ್ಯುತ್ ಹಾಯಿಸಿ, ಜೆರಾಕ್ಸ್ ಯಂತ್ರದ ಟೋನರಿನಂಥ ಕರಿಪುಡಿ ಉದುರಿಸಿದರೆ ಪುಡಿ ತಗ್ಗಿನ ಗೆರೆಗಳಲ್ಲಿ ಹೋಗಿ ಕೂರುತ್ತದೆ. ಮೇಲಿನ ಹಾಳೆಯಲ್ಲಿ ಏನು ಬರೆದಿತ್ತೋ ಅದು ಕಪ್ಪಾಗಿ ಎದ್ದು ಬರುತ್ತದೆ. ವಿಚಾರಣೆಯ ಟಿಪ್ಪಣಿ ಹಾಳೆ ಒಂದು, ಎರಡು, ಮೂರು ಎಂದು ಸಾಲಾಗಿ ಬರೆದದ್ದಾದರೆ ಎರಡನೆಯದರ ಗುರುತು ಮೂರನೆಯದರ ಮೇಲಿರಬೇಕು. ಅದರ ಬದಲು, ಈಗ ಕಡತದಲ್ಲೇ ಇಲ್ಲದ ಬೇರೊಂದು ಹಾಳೆಯ ಗುರುತು ಅಲ್ಲಿ ಮೂಡಿದರೆ? ನಡುವಿನ ಹಾಳೆಯನ್ನು ಕಿತ್ತು, ಹೊಸದು ಬರೆದು ಸೇರಿಸಿದ್ದಾರೆಂದು ತಾನಾಗಿ ಗೊತ್ತಾಗುತ್ತದೆ. ಲಂಡನ್ನಿನ ಟಾಟೆನ್‌ಹ್ಯಾಮ್ ಗಲಭೆಯಲ್ಲಿ ಪೇದೆಯೊಬ್ಬರ ಕೊಲೆಗಾಗಿ ಜೀವಾವಧಿ ಶಿಕ್ಷೆಯಾಗಿದ್ದ ಮೂವರ ಆ ಶಿಕ್ಷೆ 1991ರಲ್ಲಿ ರದ್ದಾದದ್ದರ ಹಿಂದೆ ಈ ಪರೀಕ್ಷೆಯ ಪಾತ್ರ ದೊಡ್ಡದು. ಅದೇ ವರ್ಷ ಬಿಡುಗಡೆಯಾದ, ಬರ್ಮಿಂಗ್‌ಹ್ಯಾಮ್ ಪಬ್ ಸ್ಫೋಟದ ಹೆಸರಲ್ಲಿ ಹದಿನಾರು ವರ್ಷ ಒಳಗಿದ್ದ ಆರು ಜನರ ಮೇಲ್ಮನವಿಯಲ್ಲೂ ಪೊಲೀಸ್ ಟಿಪ್ಪಣಿಗಳ ಮೇಲೆ ಇದೇ ಪುಡಿ ಬಿದ್ದಿತ್ತು. ಹಳೇ ಕಾಲದ ಪತ್ತೇದಾರ ತನ್ನ ಹಳೆಯ ಕೇಸೊಂದು ಮತ್ತೆ ತೆರೆಯುತ್ತದೆಂದು ತಿಳಿದು ಬೆವರುವ ಕಾದಂಬರಿಗಳು ಎಷ್ಟೋ ಇವೆ. ಬೆವರು ನಿಜವೆನಿಸಬೇಕಾದರೆ ಅವನು ಹೆದರಬೇಕಾದ್ದು ಇಂಥ ಹಾಳೆಗಳಿಗೆ.

1970ರ ದಶಕದ ಲಂಡನ್ನಿಗೆ ಬಂದರೆ, ಅಲ್ಲಿ ಕಥೆಗೂ ವಾಸ್ತವಕ್ಕೂ ನಡುವೆ ವಿಚಿತ್ರವಾದೊಂದು ಕೊಡುಕೊಳ್ಳುವಿಕೆ. ಮೆಟ್ರೊಪಾಲಿಟನ್ ಪೊಲೀಸರ ಫ್ಲೈಯಿಂಗ್ ಸ್ಕ್ವಾಡ್ ಸಶಸ್ತ್ರ ದರೋಡೆಕೋರರನ್ನು ಹಿಡಿಯುವ ತಂಡ. ಅದನ್ನೇ ಇಟ್ಟುಕೊಂಡ ‘ದಿ ಸ್ವೀನಿ’ ಧಾರಾವಾಹಿ 1975ರಿಂದ 1978ರವರೆಗೆ ಪ್ರಸಾರವಾಯಿತು. ಸ್ಟುಡಿಯೋ ಸೆಟ್ಟುಗಳನ್ನು ಬಿಟ್ಟು 16 ಎಂ.ಎಂ. ಫಿಲ್ಮಿನಲ್ಲಿ ಲಂಡನ್ನಿನ ಪಾಳುಬಿದ್ದ ಧಕ್ಕೆ, ಗ್ಯಾರೇಜು, ಗಲ್ಲಿಗಳಲ್ಲೇ ಚಿತ್ರೀಕರಿಸಿದ್ದರಿಂದ ಅದಕ್ಕೆ ಆ ಕೊಳೆಯ ಬಣ್ಣ ಬಂತು. ಜಾನ್ ಥಾ ಮಾಡಿದ ಇನ್‌ಸ್ಪೆಕ್ಟರ್ ರೀಗನ್ ಬಾಗಿಲು ಒದೆಯುತ್ತಾನೆ, ವಾರಂಟು ಕೇಳಿದರೆ ನಗುತ್ತಾನೆ, ಆದರೆ ಲಂಚ ಮುಟ್ಟುವುದಿಲ್ಲ. ಅದೇ ಹೊತ್ತಿಗೆ, 1977ರಲ್ಲಿ, ನಿಜವಾದ ಫ್ಲೈಯಿಂಗ್ ಸ್ಕ್ವಾಡಿನ ಮಾಜಿ ಮುಖ್ಯಸ್ಥ ಕೆನೆತ್ ಡ್ರೂರಿಗೆ ಭ್ರಷ್ಟಾಚಾರಕ್ಕಾಗಿ 8 ವರ್ಷದ ಶಿಕ್ಷೆ ಆಯಿತು. ಸೋಹೋದ ಅಶ್ಲೀಲ ಪುಸ್ತಕ ವ್ಯಾಪಾರಿಯೊಬ್ಬನ ಜೊತೆ ಸೈಪ್ರಸ್ಸಿಗೆ ರಜೆಗೆ ಹೋಗಿದ್ದು ಪತ್ರಿಕೆಯಲ್ಲಿ ಬಯಲಾಗಿತ್ತು. 1972ರಲ್ಲಿ ಕಮಿಷನರಾದ ರಾಬರ್ಟ್ ಮಾರ್ಕ್, ‘ಎ10’ ಎಂಬ ಪ್ರತ್ಯೇಕ ಘಟಕ ಕಟ್ಟಿ ಪತ್ತೇದಾರಿ ವಿಭಾಗವನ್ನು ಗುಡಿಸಲು ಹೊರಟರು. ನೂರಾರು ಅಧಿಕಾರಿಗಳು ಕೆಲಸ ಬಿಟ್ಟರು, ಕೆಲವರು ಜೈಲಿಗೂ ಹೋದರು. ಹಾಗಾಗಿ ‘ಒರಟ, ಆದರೆ ಕೈ ಶುದ್ಧ’ ಎಂಬ ಪಾತ್ರವನ್ನು ಸುಮ್ಮನೆ ನಂಬಬೇಡಿ. ಬಾಗಿಲು ಒದೆಯಲು ಅವಕಾಶ ಕೊಟ್ಟ ವ್ಯವಸ್ಥೆಯೇ ಲಕೋಟೆ ಇಸಿದುಕೊಳ್ಳಲೂ ಅವಕಾಶ ಕೊಟ್ಟಿತ್ತು. ಈ ಎರಡನ್ನೂ ಒಂದೇ ಪಾತ್ರದಲ್ಲಿಟ್ಟು ಬರೆದ ಲೇಖಕರು ಕಡಿಮೆ, ಆದರೆ ಈ ಪ್ರಕಾರದಲ್ಲಿ ಉಳಿಯುವವರು ಅವರೇ.

ಕಾನೂನು ಬದಲಾಗಲು ಕಾರಣವಾದದ್ದು 1972ರ ಏಪ್ರಿಲಿನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ನಡೆದ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಕೊಲೆ. 18, 15 ಮತ್ತು 14 ವರ್ಷದ ಮೂವರು ಹುಡುಗರು ಠಾಣೆಯಲ್ಲಿ ತಪ್ಪೊಪ್ಪಿಕೊಂಡರು. ದೊಡ್ಡವನಿಗೆ ಬುದ್ಧಿ ಬೆಳೆದಿರಲಿಲ್ಲ. ಪ್ರಶ್ನಿಸುವಾಗ ತಂದೆ ತಾಯಿ ಜೊತೆಗಿರಲಿಲ್ಲ. ಸಾವಿನ ಸಮಯಕ್ಕೂ ಆ ಹೇಳಿಕೆಗಳಿಗೂ ತಾಳೆಯಾಗುತ್ತಿರಲಿಲ್ಲ, ಆದರೂ ಶಿಕ್ಷೆಯಾಯಿತು; ಅದು ರದ್ದಾದದ್ದು 1975ರಲ್ಲಿ. ಆಮೇಲೆ ಒಂದು ವಿಚಾರಣಾ ವರದಿ, ರಾಯಲ್ ಕಮಿಷನ್, 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ. ಎಲ್ಲರೂ ಅದನ್ನು ‘ಪೇಸ್’ ಎನ್ನುತ್ತಾರೆ.

ಪೇಸ್ ತಂದ ಹೊಸ ಪಾತ್ರ ಕಸ್ಟಡಿ ಸಾರ್ಜೆಂಟ್. ಈ ಸಾರ್ಜೆಂಟಿಗೆ ತನಿಖೆಯ ಜೊತೆ ಸಂಬಂಧ ಇರಕೂಡದು. ಪತ್ತೇದಾರ ಹಿಡಿದು ತಂದವನನ್ನು ಕೌಂಟರಿನ ಮುಂದೆ ನಿಲ್ಲಿಸಿದರೆ, ಒಳಗಿಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಇವರು. ಮುಖ್ಯ ಇನ್‌ಸ್ಪೆಕ್ಟರ್ ಎಷ್ಟೇ ದೊಡ್ಡ ಹುದ್ದೆಯವನಾಗಿರಲಿ, ಕೌಂಟರಿನ ಹಿಂದಿರುವ ಸಾರ್ಜೆಂಟಿಗೆ ಅಪ್ಪಣೆ ಕೊಡುವ ಹಾಗಿಲ್ಲ. ತಕರಾರಿದ್ದರೆ ಸೂಪರಿಂಟೆಂಡೆಂಟ್ ತನಕ ಹೋಗಬೇಕು. ಕೈದಿಗೆ ಚಹಾ ಕೊಟ್ಟದ್ದು, ಡಾಕ್ಟರು ಬಂದದ್ದು, ಕೋಣೆಗೆ ಕರೆದೊಯ್ದದ್ದು, ವಾಪಸ್ ತಂದದ್ದು ಎಲ್ಲವೂ ಗಂಟೆ ನಿಮಿಷ ಸಹಿತ ಕಸ್ಟಡಿ ದಾಖಲೆಯಲ್ಲಿ ಬರುತ್ತದೆ. ಮುಂದೆ ಕೋರ್ಟಿನಲ್ಲಿ ಪ್ರತಿವಾದಿ ವಕೀಲರು ಮೊದಲು ಬಿಡಿಸಿ ನೋಡುವ ಕಾಗದ ಇದೇ.

ಗಂಟೆಯ ಲೆಕ್ಕ ನೋಡಿ. ಸಾಮಾನ್ಯವಾಗಿ ಠಾಣೆಗೆ ಕಾಲಿಟ್ಟ ಗಳಿಗೆಯಿಂದ 24 ಗಂಟೆ. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ ದರ್ಜೆಯವರು 36ಕ್ಕೆ ಏರಿಸಬಹುದು. ಅದರಾಚೆಗೆ ಮ್ಯಾಜಿಸ್ಟ್ರೇಟರ ವಾರಂಟು ಬೇಕು, ಎಷ್ಟು ಸಲ ಕೇಳಿದರೂ ಒಟ್ಟು 96 ಗಂಟೆ ಮೀರುವಂತಿಲ್ಲ. (ಭಯೋತ್ಪಾದನೆಯ ಕೇಸುಗಳಿಗೆ ಬೇರೆ ಕಾಯ್ದೆ, ಬೇರೆ ಗಡುವು.) ಬಂಧನ ಇನ್ನೂ ಬೇಕೇ ಎಂದು ತನಿಖೆಗೆ ಸಂಬಂಧಪಡದ ಇನ್‌ಸ್ಪೆಕ್ಟರೊಬ್ಬರು ಮೊದಲು 6 ಗಂಟೆಯೊಳಗೆ, ಆಮೇಲೆ 9 ಗಂಟೆಗೊಮ್ಮೆ ಪರಿಶೀಲಿಸಬೇಕು. ಪ್ರತಿ 24 ಗಂಟೆಯಲ್ಲಿ ಒಟ್ಟಿಗೆ 8 ಗಂಟೆ ವಿಶ್ರಾಂತಿ, ಅದೂ ಸಾಮಾನ್ಯವಾಗಿ ರಾತ್ರಿ. ಎರಡು ಲಘು ಉಪಾಹಾರ, ಒಂದು ಊಟ. ವಿಚಾರಣೆಯಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಬಿಡುವು.

ಈಗ ಕಥೆಗಾರ ಮಾಡಬೇಕಾದ ಕಳೆಯುವ ಲೆಕ್ಕ. ಬೆಳಗಿನ ಆರು ಗಂಟೆಗೆ ಮನೆಗೆ ನುಗ್ಗಿ ಹಿಡಿದು ತಂದರು ಅನ್ನಿ. ದಾಖಲೆ, ಬೆರಳಚ್ಚು, ಡಿಎನ್‌ಎ ಸ್ವ್ಯಾಬು, ಬೇಕಾದರೆ ಡಾಕ್ಟರು. ಡ್ಯೂಟಿ ವಕೀಲರು ಬರುವ ತನಕ ಕಾಯಬೇಕು. ಅವರು ಬಂದ ಮೇಲೆ ಪೊಲೀಸರು ತಮ್ಮಲ್ಲಿರುವ ಮಾಹಿತಿಯಲ್ಲಿ ಎಷ್ಟು ಬಿಟ್ಟುಕೊಡಬೇಕೆಂದು ಅಳೆದು ಹೇಳುತ್ತಾರೆ. ವಕೀಲರು ಕಕ್ಷಿದಾರನ ಜೊತೆ ಗುಟ್ಟಾಗಿ ಮಾತಾಡುತ್ತಾರೆ. ಮೊದಲ ವಿಚಾರಣೆ ಶುರುವಾಗುವ ಹೊತ್ತಿಗೆ ಹತ್ತೂವರೆ, ಹನ್ನೊಂದು. ರಾತ್ರಿಯ ಎಂಟು ಗಂಟೆ ನಿದ್ದೆ, ಊಟ, ಬಿಡುವು, ಮಧ್ಯೆ ಮಧ್ಯೆ ವಕೀಲರ ಸಮಾಲೋಚನೆ ಎಲ್ಲ ಕಳೆದರೆ ಇಪ್ಪತ್ನಾಲ್ಕರಲ್ಲಿ ನಿಜವಾಗಿ ಪ್ರಶ್ನೆ ಕೇಳಲು ಉಳಿಯುವುದು ಆರೇಳು ಗಂಟೆಯಿದ್ದರೆ ಹೆಚ್ಚು. ಅದೇ ಹೊತ್ತಿಗೆ ಹೊರಗೆ ತಂಡದವರು ಮನೆ ಶೋಧಿಸುತ್ತಿರಬೇಕು, ಸಿಸಿಟಿವಿ ನೋಡುತ್ತಿರಬೇಕು. ಕಾದಂಬರಿಯಲ್ಲಿ ಪತ್ತೇದಾರ ರಾತ್ರಿ ಎರಡು ಗಂಟೆಗೆ ಸೆಲ್ಲಿನ ಬಾಗಿಲು ತೆಗೆಸಿ ‘ನಾವಿಬ್ಬರೇ ಮಾತಾಡೋಣ’ ಎಂದರೆ, ಅದು 1986ರ ಹಿಂದಿನ ಕಥೆಯಾಗಿರಬೇಕು, ಇಲ್ಲವೇ ಆ ಸಾರ್ಜೆಂಟು ಅವನ ಜೊತೆ ಕೈಸೇರಿಸಿರಬೇಕು. ಎರಡೂ ಅಲ್ಲದಿದ್ದರೆ ಲೇಖಕರು ಮನೆಗೆಲಸ ಮಾಡಿಲ್ಲ.

ಗಡಿಯಾರ ನಿಲ್ಲುವ ಸಂದರ್ಭವೂ ಒಂದಿದೆ, ಒಳ್ಳೆ ಲೇಖಕರು ಅದನ್ನು ಹುಡುಕಿ ಬಳಸುತ್ತಾರೆ. ಬಂಧಿತನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಹೋಗಿಬರುವ ಮತ್ತು ಅಲ್ಲಿರುವ ಸಮಯ ಲೆಕ್ಕಕ್ಕಿಲ್ಲ. ಆದರೆ ಅಲ್ಲಿ ಪ್ರಶ್ನೆ ಕೇಳಿದ ಹೊತ್ತು ಲೆಕ್ಕಕ್ಕೆ ಬರುತ್ತದೆ. ಎದೆನೋವೆಂದು ನಾಟಕವಾಡುವ ರೌಡಿಯಿಂದ ಪತ್ತೇದಾರನಿಗೇ ಲಾಭ, ಹೊರಗಿನ ತಂಡಕ್ಕೆ ಪುಕ್ಕಟೆ ಸಮಯ ಸಿಕ್ಕಿತಲ್ಲ!

ಟೇಪಿನ ವಿಧಿಯೂ ನೋಡತಕ್ಕದ್ದು. 1980ರ ದಶಕದ ಕೊನೆಗೆ ಧ್ವನಿಮುದ್ರಣ ಕಡ್ಡಾಯವಾಗುತ್ತ ಬಂತು. ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಕ್ಯಾಸೆಟ್ ಒಟ್ಟಿಗೆ ಓಡುತ್ತವೆ. ಪೊಟ್ಟಣವನ್ನು ಆರೋಪಿಯ ಎದುರೇ ಒಡೆಯಬೇಕು. ಗುಂಡಿ ಒತ್ತಿದ ಮೇಲೆ ಕೆಲವು ಸೆಕೆಂಡು ಕೊಯ್ಯೆನ್ನುವ ಸದ್ದು, ಆಮೇಲೆ ತಾರೀಖು, ಸಮಯ, ಕೋಣೆಯಲ್ಲಿ ಇರುವವರೆಲ್ಲರ ಹೆಸರು, ಎಚ್ಚರಿಕೆಯ ಮಾತು. ಮುಗಿದಾಗ ಒಂದು ಕ್ಯಾಸೆಟ್ಟನ್ನು ಮೂಲಪ್ರತಿಯೆಂದು ಅಲ್ಲೇ ಮೊಹರು ಮಾಡಿ ಸಹಿ ಹಾಕಿಸಿಕೊಳ್ಳುವುದು. ಈಗ ಕ್ಯಾಸೆಟ್ಟಿನ ಜಾಗಕ್ಕೆ ಡಿಜಿಟಲ್ ಬಂದಿದೆ. ಎಚ್ಚರಿಕೆಯ ಮಾತೂ 1995ರಲ್ಲಿ ಬದಲಾಯಿತು. ಮೊದಲು ಸುಮ್ಮನಿರುವ ಹಕ್ಕಿದೆ ಎಂದಷ್ಟೇ ಇತ್ತು. ಈಗ, ಮುಂದೆ ಕೋರ್ಟಿನಲ್ಲಿ ಆಧಾರವಾಗಿ ಹೇಳಲಿರುವ ವಿಷಯವನ್ನು ಇಲ್ಲಿ ಕೇಳಿದಾಗ ಹೇಳದಿದ್ದರೆ ನಿನಗೇ ತೊಂದರೆಯಾಗಬಹುದು ಎಂಬ ಎಳೆ ಸೇರಿದೆ. ‘ನೋ ಕಾಮೆಂಟ್’ ಎಂದು ಕೂತವನ ಎದುರು ಒಬ್ಬ ಜಾಣ ಪತ್ತೇದಾರ ಒಂದೊಂದೇ ಪ್ರಶ್ನೆ ಇಡುತ್ತ ಹೋಗುವುದು ಉತ್ತರಕ್ಕಾಗಿ ಅಲ್ಲವೇ ಅಲ್ಲ, ಮುಂದೊಂದು ದಿನ ಆ ಟೇಪು ಕೇಳಲಿರುವ ಹನ್ನೆರಡು ಜ್ಯೂರಿಗಳಿಗಾಗಿ.

ಟೇಪು ಬಂದರೆ ದಬ್ಬಾಳಿಕೆ ನಿಲ್ಲುತ್ತದೆಂದು ನಂಬಿದ್ದವರಿಗೆ ಕಾರ್ಡಿಫ್ ಒಂದು ಪಾಠ. 1988ರ ಲಿನೆಟ್ ವೈಟ್ ಕೊಲೆ ಪ್ರಕರಣದಲ್ಲಿ ಬಂಧಿತನೊಬ್ಬನನ್ನು ಐದು ದಿನಗಳಲ್ಲಿ ಸುಮಾರು 13 ಗಂಟೆ ವಿಚಾರಿಸಿದರು. ಮುನ್ನೂರಕ್ಕೂ ಹೆಚ್ಚು ಸಲ ‘ನಾನಲ್ಲ’ ಎಂದ. ಅಧಿಕಾರಿಗಳು ಕೂಗಾಡುತ್ತಲೇ ಇದ್ದರು, ವಕೀಲರು ಪಕ್ಕದಲ್ಲೇ ಇದ್ದೂ ಬಾಯಿ ಹಾಕಲಿಲ್ಲ. ಕೊನೆಗೆ ಅವನು ಒಪ್ಪಿದ. 1992ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಟೇಪನ್ನೇ ಹಾಕಿ ಕೇಳಿ ದಂಗಾಗಿ, ಅವನೂ ಸೇರಿ ಆ ಕೇಸಿನಲ್ಲಿ ಒಳಗಿದ್ದ ಮೂವರ ಶಿಕ್ಷೆಯನ್ನೂ ರದ್ದು ಮಾಡಿತು. ನಿಜವಾದ ಕೊಲೆಗಾರ ಡಿಎನ್‌ಎ ಮೂಲಕ ಸಿಕ್ಕಿ ಶಿಕ್ಷೆಯಾದದ್ದು 2003ರಲ್ಲಿ. ಮೇಜು ಗುದ್ದಿ ಸತ್ಯ ಹೊರತೆಗೆಯುವ ದೃಶ್ಯ ಪರದೆಯ ಮೇಲೆ ಎಷ್ಟೇ ರೋಮಾಂಚಕವಾಗಿದ್ದರೂ, ಅದರ ಮುಂದಿನ ಅಧ್ಯಾಯ ಇದು. 1990ರ ದಶಕದ ಆರಂಭದಿಂದ ಬ್ರಿಟನ್ನಿನ ಪೊಲೀಸರಿಗೆ ಕಲಿಸುವ ವಿಧಾನದಲ್ಲಿ ತಪ್ಪೊಪ್ಪಿಗೆಯ ಬೆನ್ನು ಹತ್ತುವುದಿಲ್ಲ. ಮೊದಲು ತಯಾರಿ, ಆಮೇಲೆ ಎದುರಿನವನಿಗೆ ತನ್ನ ಕಥೆಯನ್ನು ಪೂರ್ತಿ ಹೇಳಲು ಬಿಡುವುದು, ಅದಾದ ಮೇಲೆ ಒಂದೊಂದೇ ಸಾಕ್ಷ್ಯವನ್ನು ಮೇಜಿನ ಮೇಲಿಟ್ಟು ಆ ಕಥೆಯ ಜೊತೆ ಒರೆಗೆ ಹಚ್ಚುವುದು. ಸುಳ್ಳುಗಾರ ತಾನೇ ನೇಯ್ದ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಹಳೇ ಪತ್ತೇದಾರನಿಗೆ ಇದು ಹೆಂಗಸರ ಹರಟೆಯಂತೆ ಕಾಣುತ್ತದೆ; ಅವನ ಕೈಕೆಳಗಿನ ಮೂವತ್ತರ ಸಾರ್ಜೆಂಟ್ ಹೆಣ್ಣುಮಗಳು ಇದೇ ವಿಧಾನದಲ್ಲಿ ಗೆಲ್ಲುವುದು ಈಚಿನ ಕಾದಂಬರಿಗಳ ರೂಢಿಯ ಜಗಳ.

ಅಂತಃಪ್ರೇರಣೆ ಎಂಬುದು ಇವನ ಇನ್ನೊಂದು ಹೆಮ್ಮೆ. ‘ಮೂವತ್ತು ವರ್ಷದ ಅನುಭವ, ನೋಡಿದರೇ ಗೊತ್ತಾಗುತ್ತೆ.’ ಈ ಮಾತಿಗೆ ಬ್ರಿಟನ್ ತೆತ್ತ ಅತಿ ದೊಡ್ಡ ದಂಡ ಯಾರ್ಕ್‌ಷೈರಿನಲ್ಲಿದೆ. 1975ರಿಂದ 1980ರವರೆಗೆ ಪೀಟರ್ ಸಟ್‌ಕ್ಲಿಫ್ 13 ಹೆಂಗಸರನ್ನು ಕೊಂದ. ಬ್ರಾಡ್‌ಫರ್ಡಿನ ಲಾರಿ ಚಾಲಕ. ಆ ಅವಧಿಯಲ್ಲಿ ಪೊಲೀಸರು ಅವನನ್ನು ಒಂಬತ್ತು ಸಲ ಮಾತಾಡಿಸಿ ಬಿಟ್ಟಿದ್ದರು. ಮ್ಯಾಂಚೆಸ್ಟರಿನಲ್ಲಿ ಕೊಲೆಯಾದವಳ ಕೈಚೀಲದಲ್ಲಿ ಸಿಕ್ಕ ಹೊಸ 5 ಪೌಂಡ್ ನೋಟಿನ ಜಾಡು ಹಿಡಿದು, ಸಂಬಳದ ಲಕೋಟೆಯಲ್ಲಿ ಅಂಥ ನೋಟು ಪಡೆದಿರಬಹುದಾದವರ ಪಟ್ಟಿ ಮಾಡಿದಾಗಲೂ ಅವನ ಹೆಸರಿತ್ತು. ಕೆಂಪು ದೀಪದ ಬೀದಿಗಳಲ್ಲಿ ಬರೆದುಕೊಂಡ ಕಾರ್ ನಂಬರುಗಳಲ್ಲೂ ಇತ್ತು. ಎಲ್ಲವೂ ಬೇರೆ ಬೇರೆ ಕಾರ್ಡುಗಳಲ್ಲಿ. ಲೀಡ್ಸಿನ ಮಿಲ್‌ಗಾರ್ತ್ ಠಾಣೆಯಲ್ಲಿ ಕಾರ್ಡು ಕಾಗದಗಳ ಭಾರಕ್ಕೆ ನೆಲವನ್ನೇ ಗಟ್ಟಿಗೊಳಿಸಬೇಕಾಯಿತು, ಆದರೆ ಒಂದು ಕಾರ್ಡು ಇನ್ನೊಂದರ ಜೊತೆ ಸೇರಲಿಲ್ಲ. 1979ರಲ್ಲಿ ಇವನ ಮೇಲೆ ಅನುಮಾನ ಬಂದು ಕಾನ್‌ಸ್ಟೆಬಲ್ ಒಬ್ಬರು ಬರೆದ ವರದಿ ಕಡತಕ್ಕೆ ಸೇರಿಸಿ ಎಂಬ ಷರಾ ಹೊತ್ತು ಮಲಗಿತು.

ಅದೇ ವರ್ಷದ ಜೂನಿನಲ್ಲಿ ತನಿಖೆಯ ಮುಖ್ಯಸ್ಥ ಜಾರ್ಜ್ ಓಲ್ಡ್‌ಫೀಲ್ಡರ ಹೆಸರಿಗೆ ಒಂದು ಟೇಪು ಬಂತು. ನಾನೇ ಕೊಲೆಗಾರ ಎನ್ನುವ ದನಿ, ಸಂಡರ್‌ಲೆಂಡ್ ಕಡೆಯ ಉಚ್ಚಾರ. ಹಳೇ ಶಾಲೆಯ ಅಧಿಕಾರಿ ಅದನ್ನು ತನಗೇ ಹಾಕಿದ ಸವಾಲೆಂದು ತೆಗೆದುಕೊಂಡು ಪೂರ್ತಿ ನಂಬಿದರು. ಆ ಉಚ್ಚಾರ ಇಲ್ಲದವರನ್ನು ಶಂಕಿತರ ಪಟ್ಟಿಯಿಂದ ಕೈಬಿಡತೊಡಗಿದರು. ಸಟ್‌ಕ್ಲಿಫ್ ಮಾತಾಡುತ್ತಿದ್ದದ್ದು ಬ್ರಾಡ್‌ಫರ್ಡಿನವನ ಹಾಗೆ. ಟೇಪಿನ ನಂತರವೂ ಮೂವರು ಸತ್ತರು. ಕೊನೆಗೆ 1981ರ ಜನವರಿ 2ರಂದು ಶೆಫೀಲ್ಡಿನಲ್ಲಿ ಅವನು ಸಿಕ್ಕಿದ್ದು ಕಾರಿಗೆ ಸುಳ್ಳು ನಂಬರ್ ಪ್ಲೇಟ್ ಹಾಕಿದ್ದಕ್ಕೆ, ಸಮವಸ್ತ್ರದ ಗಸ್ತು ಪೊಲೀಸರ ಕೈಗೆ. ಮೂತ್ರಕ್ಕೆಂದು ಅವನು ಮರೆಗೆ ಹೋಗಿದ್ದ ಜಾಗಕ್ಕೆ ಅವರಲ್ಲೊಬ್ಬರು ಮತ್ತೆ ಹೋಗಿ ಹುಡುಕಿದಾಗ ಸುತ್ತಿಗೆ, ಚಾಕು ಸಿಕ್ಕವು. ಟೇಪು ಕಳಿಸಿದ ಮೋಸಗಾರ ಸಿಕ್ಕಿ ಶಿಕ್ಷೆಯಾದದ್ದು 2006ರಲ್ಲಿ, ಲಕೋಟೆಯ ಅಂಟಿನ ಮೇಲಿನ ಎಂಜಲಿನ ಡಿಎನ್‌ಎಯಿಂದ.

ಆ ಸೋಲಿನ ಪರಿಶೀಲನೆಯಿಂದ ಹುಟ್ಟಿದ್ದು ‘ಹೋಮ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ, 1985ರ ಹೊತ್ತಿಗೆ ಬಳಕೆಗೆ ಬಂತು. ದೊಡ್ಡ ಕೊಲೆ ತನಿಖೆಯ ಕೋಣೆಯಲ್ಲಿ ಈಗ ಪ್ರತಿ ಕೆಲಸವೂ ‘ಆಕ್ಷನ್’ ಎಂಬ ನಂಬರು ಹೊತ್ತ ಚೀಟಿ. ಒಬ್ಬರು ಬಂದ ಕಾಗದ ಓದುತ್ತಾರೆ, ಒಬ್ಬರು ಹೆಸರು, ವಾಹನ, ಫೋನ್ ನಂಬರು ಎಲ್ಲವನ್ನೂ ಸೂಚಿಗೆ ಏರಿಸುತ್ತಾರೆ, ಒಬ್ಬರು ಆಕ್ಷನ್ ಹಂಚುತ್ತಾರೆ, ಒಬ್ಬರು ವಸ್ತು ಸಾಕ್ಷ್ಯದ ಲೆಕ್ಕ ಇಡುತ್ತಾರೆ. ಮುಖ್ಯ ತನಿಖಾಧಿಕಾರಿ ತನ್ನ ತೀರ್ಮಾನವನ್ನೂ ಅದರ ಕಾರಣವನ್ನೂ ಪಾಲಿಸಿ ಪುಸ್ತಕದಲ್ಲಿ ಬರೆದಿಡಬೇಕು. ಕಾದಂಬರಿಯ ಒರಟ ಈ ಕೋಣೆಯನ್ನು ಗುಮಾಸ್ತರ ಸಂತೆ ಎಂದು ಬೈದು ಬೀದಿಗಿಳಿಯುತ್ತಾನೆ. ಲೇಖಕರು ಅವನ ಪರ ನಿಂತು ಅವನನ್ನೇ ಗೆಲ್ಲಿಸಿದಾಗಲೆಲ್ಲ ನನಗೆ ಮಿಲ್‌ಗಾರ್ತ್‌ನ ಆ ನೆಲ ನೆನಪಾಗುತ್ತದೆ.

ಉಳಿದ ಎರಡು ಸಂಗತಿ ಚುಟುಕಾಗಿ. ಪಬ್ಬಿನ ಮೂಲೆಯಲ್ಲಿ ಬಿಯರ್ ಕುಡಿಸಿ, ಇಪ್ಪತ್ತು ಪೌಂಡ್ ಕೈಗಿಟ್ಟು ಸುದ್ದಿ ಪಡೆಯುವ ಖಾಸಗಿ ಮಾಹಿತಿದಾರ 2000ನೇ ಇಸವಿಯ ಕಾಯ್ದೆಯಾದ ಮೇಲೆ ನಿಯಮಬಾಹಿರ. ಅವನಿಗೆ ಈಗ ಗುಪ್ತನಾಮ, ನೋಂದಣಿ, ಅವನನ್ನು ನಿಭಾಯಿಸಲು ಒಬ್ಬ ಅಧಿಕಾರಿ, ಆ ಅಧಿಕಾರಿಯ ಮೇಲೆ ಇನ್ನೊಬ್ಬ, ಕೊಟ್ಟ ದುಡ್ಡಿಗೆ ರಸೀತಿ ಎಲ್ಲ ಬೇಕು. ಇನ್ನು ಪಿಂಚಣಿ: ಹಳೆಯ ಪದ್ಧತಿಯಲ್ಲಿ 30 ವರ್ಷ ಸೇವೆ ಮುಗಿಸಿದರೆ ಸಂಬಳದ ಮೂರನೇ ಎರಡು ಭಾಗ. ಇಪ್ಪತ್ತಕ್ಕೆ ಸೇರಿದವನು ಐವತ್ತಕ್ಕೆ ಮನೆಗೆ. ‘ಇನ್ನು ಮೂರು ತಿಂಗಳು ಸುಮ್ಮನಿದ್ದುಬಿಡು’ ಎಂದು ಸ್ನೇಹಿತ ಬುದ್ಧಿ ಹೇಳುವ ದೃಶ್ಯ ಸವಕಲಾಗಿರಬಹುದು, ಅದರ ಹಿಂದಿನ ಲೆಕ್ಕ ಮಾತ್ರ ಸುಳ್ಳಲ್ಲ.

ಇಷ್ಟು ಹೊತ್ತು ಹೇಳಿದ ಪೇಸ್ ಕಾನೂನು ಸ್ಕಾಟ್‌ಲೆಂಡಿಗೆ ಅನ್ವಯಿಸುವುದಿಲ್ಲ. ಇದನ್ನು ಮರೆತು ಗ್ಲಾಸ್ಗೋ, ಎಡಿನ್‌ಬರಾ ಕಾದಂಬರಿಗಳನ್ನು ಓದುವವರು ಬಹಳ. 1977ರಲ್ಲಿ ಗ್ಲಾಸ್ಗೋದ ಲೇಡ್‌ಲಾ, 1987ರಲ್ಲಿ ಎಡಿನ್‌ಬರಾದ ರೀಬಸ್ ಎಂಬ ಕಾದಂಬರಿ ಪತ್ತೇದಾರರು ಬಂದ ಮೇಲೆ ಈ ಪ್ರಕಾರದ ಗಟ್ಟಿ ಬರವಣಿಗೆಯ ದೊಡ್ಡ ಪಾಲು ಅಲ್ಲಿನದೇ. ಅಲ್ಲಿ ಪ್ರಾಸಿಕ್ಯೂಷನ್ ನೋಡಿಕೊಳ್ಳುವುದು ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಸರ್ಕಾರಿ ವಕೀಲರು; ಅನುಮಾನಾಸ್ಪದ ಸಾವಿನ ತನಿಖೆಯೂ ಅವರ ಕೈಕೆಳಗೆ, ಇಂಗ್ಲೆಂಡಿನಂತೆ ಸಾವಿನ ಕಾರಣ ವಿಚಾರಿಸುವ ಕರೋನರ್ ಇಲ್ಲ. 1980ರ ಕಾಯ್ದೆಯ ಪ್ರಕಾರ ಶಂಕಿತನನ್ನು ಬಂಧಿಸದೆ 6 ಗಂಟೆ ಇಟ್ಟುಕೊಂಡು ಪ್ರಶ್ನಿಸಬಹುದಿತ್ತು. ಗಡುವು ಇಂಗ್ಲೆಂಡಿಗಿಂತ ಎಷ್ಟೋ ಚಿಕ್ಕದು, ಆದರೆ ಆ ಆರು ಗಂಟೆ ವಕೀಲರನ್ನು ಜೊತೆಗೆ ಕೂರಿಸಿಕೊಳ್ಳುವ ಹಕ್ಕಿರಲಿಲ್ಲ. ರೀಬಸ್ ಸರಣಿಯ ಮೊದಲ ಎರಡು ದಶಕದ ವಿಚಾರಣೆಗಳಿಗೆ ಲಂಡನ್ ಕಾದಂಬರಿಗಳಲ್ಲಿಲ್ಲದ ಅವಸರ, ಒಂಟಿತನ ಬಂದದ್ದು ಇದರಿಂದಲೇ. 2010ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಕ್ಯಾಡರ್ ಎಂಬವನ ಪ್ರಕರಣದಲ್ಲಿ ಇದು ಸಲ್ಲದು ಎಂದಿತು. ಕೆಲವೇ ದಿನಗಳಲ್ಲಿ ಸ್ಕಾಟಿಷ್ ಸಂಸತ್ತು ವಕೀಲರ ಹಕ್ಕು ಕೊಟ್ಟು, ಬದಲಿಗೆ ಗಡುವನ್ನು 12 ಗಂಟೆಗೆ ಏರಿಸಿತು.

ಅಲ್ಲಿ ಬದಲಾಗದೆ ಉಳಿದದ್ದು ದೃಢೀಕರಣದ ನಿಯಮ. ಒಬ್ಬನ ಸಾಕ್ಷ್ಯ ಸಾಲದು, ಮುಖ್ಯ ಅಂಶಕ್ಕೆ ಎರಡು ಸ್ವತಂತ್ರ ಮೂಲ ಬೇಕು. ತಪ್ಪೊಪ್ಪಿಗೆಯೊಂದೇ ಇದ್ದರೆ ಅದರಿಂದಲೂ ಶಿಕ್ಷೆಯಾಗದು. ಇದನ್ನು ಕೈಬಿಡುವ ಪ್ರಸ್ತಾಪ ಬಂದು 2015ರಲ್ಲಿ ಬಿದ್ದುಹೋಯಿತು. ಸ್ಕಾಟಿಷ್ ಪತ್ತೇದಾರರು ಮನೆ ಬಾಗಿಲು ತಟ್ಟುವಾಗ ಇಬ್ಬಿಬ್ಬರಾಗಿ ಹೋಗುವುದು ಇದಕ್ಕೇ. ಲೇಡ್‌ಲಾನ ಬೆನ್ನಿಗೆ ಹಾರ್ಕ್‌ನೆಸ್ ಎಂಬ ಎಳೆಯ ಕಾನ್‌ಸ್ಟೆಬಲ್ ಇರುವುದು ಕಥೆಯ ಅನುಕೂಲಕ್ಕಷ್ಟೇ ಅಲ್ಲ. ಮಳೆಯಲ್ಲಿ ನೆನೆಯುತ್ತ ಒಬ್ಬನೇ ಹೋಗಿ ಸಾಕ್ಷಿಯ ಬಾಯಿಂದ ಮಾತು ತೆಗೆಯುವ ಒಂಟಿಸಲಗ ಎಡಿನ್‌ಬರಾ ಕಾದಂಬರಿಯಲ್ಲಿ ಕಂಡರೆ, ಆ ಮಾತಿಗೆ ಮುಂದೆ ಎರಡನೆಯ ಆಧಾರ ಎಲ್ಲಿಂದ ಬರುತ್ತದೆ ಎಂದು ಗಮನಿಸುತ್ತಿರಿ. ಲೇಖಕರಿಗೆ ಕಾನೂನು ಗೊತ್ತಿದ್ದರೆ ಕಥೆ ತಿರುಗುವುದು ಅಲ್ಲೇ.